ಪೊರೆ ತೆಗೆಯುವ ಮುಂಚೆ ಹಿಂದಿನ ಪರದೆಗೆ ಸ್ಕ್ಯಾನ್ ಯಾಕೆ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಅಮ್ಮನಿಗೆ 66 ವರ್ಷ, 14 ವರ್ಷದಿಂದ ಶುಗರ್ ಇದೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಎಡಗಣ್ಣು ಪೂರ್ತಿ ಬೆಳ್ಳಗಾಗಿದೆ, ಬೆಳಕು ಮಾತ್ರ ಗೊತ್ತಾಗುತ್ತೆ. ಮೈಸೂರಿನಲ್ಲಿ ತೋರಿಸಿದೆವು. ಆಪರೇಷನ್‌ಗೆ ಮುಂಚೆ ಬಲಗಣ್ಣಿಗೆ ಓಸಿಟಿ, ಎಡಗಣ್ಣಿಗೆ ಬಿ-ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟರು. ಪೊರೆ ಇರುವುದು ಮುಂದೆ, ಹಿಂದಿನ ಪರದೆಗೆ ಯಾಕೆ ಸ್ಕ್ಯಾನ್? ಪಕ್ಕದ ಮನೆಯವರಿಗೆ ಕ್ಯಾಂಪಿನಲ್ಲಿ ಇದ್ಯಾವುದೂ ಇಲ್ಲದೆ ಆಪರೇಷನ್ ಆಯಿತು, ಈಗ ಪೇಪರ್ ಓದುತ್ತಾರೆ. ಒಂದೊಂದು ಕಣ್ಣಿಗೆ ಒಂದೊಂದು ಸ್ಕ್ಯಾನ್ ಯಾಕೆ? ಇದರಿಂದ ಕಣ್ಣಿಗೆ ತೊಂದರೆ ಇಲ್ಲವೇ? ಜಾಸ್ತಿ ದುಡ್ಡು ಕೊಟ್ಟರೆ ಕನ್ನಡಕವೇ ಬೇಡದ ಲೆನ್ಸ್ ಸಿಗುತ್ತದಂತೆ, ಹಾಕಿಸಬಹುದಾ? ಸ್ಕ್ಯಾನನ್ನು ಆಪರೇಷನ್ ಆದ ಮೇಲೆ ಮಾಡಿಸಿದರೆ ಆಗದೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ನೀವು ಬರೆಯದೆ ಬಿಟ್ಟ ಒಂದು ಮಾತಿದೆ. "ಸುಮ್ನೆ ದುಡ್ಡಿಗೋಸ್ಕರ ಬರೆದಿರಬಹುದಾ?" ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಅಮ್ಮನ ವಿಷಯದಲ್ಲಿ ಹಾಗಿಲ್ಲ. ನಾನಾಗಿದ್ದರೂ ಇದೇ ಎರಡನ್ನು ಬರೆಯುತ್ತಿದ್ದೆ. ಹಾಗಂತ ಪೊರೆ ಬಂದವರೆಲ್ಲರಿಗೂ ಇವು ಬೇಕೇ ಬೇಕು ಅಂತಲೂ ಅಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಪೊರೆ ಅಂದರೆ ಕಣ್ಣೊಳಗಿನ ಲೆನ್ಸ್ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಲೆನ್ಸ್ ಕೂರಿಸುತ್ತೇವೆ. ಆದರೆ ಟಾಕೀಸಿನಲ್ಲಿ ಪ್ರೊಜೆಕ್ಟರ್‌ಗೆ ಎಷ್ಟೇ ಹೊಸ ಲೆನ್ಸ್ ಹಾಕಿ, ಪರದೆ ಹರಿದಿದ್ದರೆ ಸಿನಿಮಾ ಹೇಗೆ ಕಾಣುತ್ತೆ? ಕಣ್ಣಿನ ಹಿಂದಿನ ಗೋಡೆಗೆ ಅಂಟಿಕೊಂಡಿರುವ ರೆಟಿನಾವನ್ನು ನಮ್ಮ ಜನ ಪರದೆ ಎಂದೇ ಕರೆಯುತ್ತಾರೆ. ಆ ಪರದೆಯ ನಟ್ಟನಡುವೆ ಮ್ಯಾಕುಲಾ ಅಂತ ಒಂದು ಪುಟ್ಟ ಜಾಗ ಇದೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಅಷ್ಟು ಜಾಗದ ಕೆಲಸ. ಉಳಿದ ಪರದೆ ಇರುವುದು ಸುತ್ತಮುತ್ತ ಏನಿದೆ ಎಂದು ತಿಳಿಯಲು, ಎಡವದೆ ನಡೆಯಲು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಂಡವಪುರ ಕಡೆಯ ಒಬ್ಬರಿಗೆ ಪೊರೆ ತೆಗೆದೆ. ಆಲೆಮನೆ ನಡೆಸುತ್ತಿದ್ದವರು. ಕೊಪ್ಪರಿಗೆಯಲ್ಲಿ ಪಾಕದ ಹದ ನೋಡುವುದು ಅವರೇ, ಬೇರೆಯವರಿಗೆ ಬಿಡುತ್ತಿರಲಿಲ್ಲ. ಪೊರೆ ದಪ್ಪಗಿತ್ತು, ಹಿಂದೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ನಾನಿದ್ದ ಕಡೆ ಆಗ ಓಸಿಟಿ ಯಂತ್ರ ಇರಲಿಲ್ಲ. ಆಪರೇಷನ್ ಚೆನ್ನಾಗೇ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ ಹೇಳಿದರು: "ಡಾಕ್ಟ್ರೇ, ನಿಮ್ಮ ಕಿವಿ ಕಾಣ್ತದೆ, ಕೂದಲು ಕಾಣ್ತದೆ. ಮೂಗಿರೋ ಜಾಗ ಮಾತ್ರ ಇಲ್ಲ."

ಮ್ಯಾಕುಲಾದ ನಡುವೆ ತೂತು ಬಿದ್ದಿತ್ತು. ಪೊರೆಯ ಹಿಂದೆ ಎಷ್ಟು ಕಾಲದಿಂದ ಕೂತಿತ್ತೋ. ಆಪರೇಷನ್‌ನಿಂದ ಬಂದದ್ದಲ್ಲ. ಆದರೆ ಆ ಮಾತನ್ನು ಪಟ್ಟಿ ಬಿಚ್ಚಿದ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ಬಾಗಿಲ ಹತ್ತಿರ ನಿಂತಿದ್ದ ಅವರ ಮಗ ನಂಬಲಿಲ್ಲ. ನಾನೇ ಅವನ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ. ಅದೇ ಮಾತನ್ನು ಒಂದು ವಾರ ಮೊದಲು ಹೇಳಿದ್ದರೆ ಅದು ಸಲಹೆ ಆಗುತ್ತಿತ್ತು. ಆಮೇಲೆ ಹೇಳಿದ್ದಕ್ಕೆ ನೆಪ ಆಯಿತು.

ಈಗ ಬಲಗಣ್ಣಿನ ಓಸಿಟಿ. ಹೆಸರು ಕೇಳಿ ಹೆದರಬೇಡಿ. ಬಾವಿಗೆ ಬಗ್ಗಿ ಕೂಗಿದರೆ ಮಾತು ವಾಪಸ್ ಬರುತ್ತದಲ್ಲ, ಹಾಗೆ ಬೆಳಕನ್ನು ಒಳಗೆ ಬಿಟ್ಟು, ಪರದೆಯ ಯಾವ ಪದರದಿಂದ ಎಷ್ಟು ಬೆಳಕು ವಾಪಸ್ ಬಂತು ಎಂದು ಲೆಕ್ಕ ಹಾಕುವ ಯಂತ್ರ ಇದು. ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯೋಣ ಅಂದರೆ ಬೆಳಕಿನ ವೇಗಕ್ಕೆ ಯಾವ ಗಡಿಯಾರವೂ ಸಾಲದು. ಹಾಗಾಗಿ ವಾಪಸ್ ಬಂದ ಬೆಳಕನ್ನು ಯಂತ್ರದೊಳಗೇ ಇರುವ ಇನ್ನೊಂದು ಕಿರಣದ ಜೊತೆ ಬೆರೆಸಿ ಹೋಲಿಸುತ್ತಾರೆ. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಇದನ್ನು ಮೊದಲು ಪ್ರಕಟಿಸಿತು. ಈಗಿನ ಯಂತ್ರಗಳು 5 ಮೈಕ್ರಾನ್ ಆಸುಪಾಸಿನ ಸೂಕ್ಷ್ಮವನ್ನೂ ಹಿಡಿಯುತ್ತವೆ. ಅಂದರೆ ಒಂದು ಮಿಲಿಮೀಟರನ್ನು 200 ಭಾಗ ಮಾಡಿದರೆ ಅದರಲ್ಲಿ ಒಂದು.

ಅಮ್ಮ ಮಾಡಬೇಕಾದ್ದು ಇಷ್ಟೇ. ಗಲ್ಲ ಇಟ್ಟು, ಹಣೆ ಒತ್ತಿ, ಒಳಗೆ ಕಾಣುವ ಗುರುತನ್ನು ರೆಪ್ಪೆ ಬಡಿಯದೆ ಕೆಲವು ಸೆಕೆಂಡ್ ನೋಡಬೇಕು. ಒಂದು ಸಣ್ಣ ಕೆಂಪು ಗೆರೆ ಸರಿದ ಹಾಗೆ ಅನ್ನಿಸಬಹುದು. ಕಣ್ಣಿಗೆ ಏನೂ ತಾಗುವುದಿಲ್ಲ. ಎಕ್ಸ್‌ರೇ ಅಲ್ಲ, ಸಿಟಿ ಸ್ಕ್ಯಾನ್ ಅಲ್ಲ, ವಿಕಿರಣದ ಭಯ ಬೇಡ. ಬೇಕಾದಷ್ಟು ಸಲ ಮಾಡಿಸಬಹುದು.

ಸ್ಕ್ರೀನ್ ಮೇಲೆ ಬರುವ ಚಿತ್ರ ಪರದೆಯ ಅಡ್ಡಸೀಳು. ಆರೋಗ್ಯವಾಗಿರುವ ಪರದೆ ಚಿರೋಟಿ ತರಹ ಇರುತ್ತದೆ. ಪದರದ ಮೇಲೆ ಪದರ, ನಡುವೆ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದ ಹಾಗೆ ಒಂದು ತಗ್ಗು. ಶುಗರ್‌ನಿಂದ ರಕ್ತನಾಳ ಸೋರಿ ಮ್ಯಾಕುಲಾದಲ್ಲಿ ನೀರು ತುಂಬಿದ್ದರೆ ತಗ್ಗು ಮಾಯ. ಚಿರೋಟಿ ಹೋಗಿ ಸೆಟ್ ದೋಸೆ ಸೀಳಿದ ಹಾಗೆ ಉಬ್ಬು, ಒಳಗೆಲ್ಲ ಕಪ್ಪು ಕಪ್ಪು ತೂತು. ನೀವೇ ನೋಡಿದರೂ ಗೊತ್ತಾಗುತ್ತದೆ. ರಿಪೋರ್ಟ್ ಕೊಡುವಾಗ ಚಿತ್ರ ತೋರಿಸಿ ಎಂದು ಕೇಳಿ, ಸಂಕೋಚ ಬೇಡ. ನಡುಭಾಗದ ದಪ್ಪ ಸಾಮಾನ್ಯವಾಗಿ 250 ಮೈಕ್ರಾನ್ ಆಚೀಚೆ ಇರುತ್ತದೆ, ಅಂದರೆ ಕಾಲು ಮಿಲಿಮೀಟರ್. ನೀರು ತುಂಬಿದವರಲ್ಲಿ ಇದು 400, 500 ಆಗಿದ್ದೂ ಉಂಟು.

ಇದು ಮೊದಲೇ ಗೊತ್ತಾದರೆ ಏನು ಲಾಭ? ಕೆಲಸದ ಕ್ರಮವೇ ಬದಲಾಗುತ್ತದೆ. ಪೊರೆ ಆಪರೇಷನ್ ಎಷ್ಟೇ ನಾಜೂಕಾಗಿ ಮಾಡಿದರೂ ಕಣ್ಣಿನೊಳಗೆ ಒಂದಿಷ್ಟು ಉರಿಯೂತ ಆಗೇ ಆಗುತ್ತದೆ. ಶುಗರ್ ಇಲ್ಲದವರಲ್ಲೂ ಕೆಲವರಿಗೆ ಆಪರೇಷನ್ ಆಗಿ ಒಂದೆರಡು ತಿಂಗಳಲ್ಲಿ ಮ್ಯಾಕುಲಾದಲ್ಲಿ ನೀರು ಸೇರುತ್ತದೆ. ಇದನ್ನು ಇರ್ವಿನ್ ಎಂಬ ವೈದ್ಯರು 1953ರಲ್ಲೇ ಗುರುತಿಸಿದರು, ಆಮೇಲೆ ಗ್ಯಾಸ್ ಎಂಬವರು ವಿವರಿಸಿದರು. ಇಬ್ಬರ ಹೆಸರೂ ಸೇರಿಸಿ ಇರ್ವಿನ್-ಗ್ಯಾಸ್ ಎನ್ನುತ್ತೇವೆ. ಹೊಟ್ಟೆಯ ಗ್ಯಾಸಿಗೂ ಇದಕ್ಕೂ ಸಂಬಂಧ ಇಲ್ಲ, ರೋಗಿಗಳು ಕೇಳಿದ್ದಾರೆ. ಶುಗರ್ ಇರುವವರಿಗೆ ಈ ಅಪಾಯ ಜಾಸ್ತಿ. ಆಗಲೇ ನೀರು ತುಂಬಿದ್ದರಂತೂ ಆಪರೇಷನ್ ಆದ ಮೇಲೆ ಅದು ಇನ್ನೂ ಉಲ್ಬಣಿಸಬಹುದು.

ಹಾಗಾಗಿ ಅಮ್ಮನ ಓಸಿಟಿಯಲ್ಲಿ ನೀರು ಕಂಡರೆ, ಮೊದಲು ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಅದನ್ನು ಇಳಿಸಿ, ಆಮೇಲೆ ಪೊರೆ ತೆಗೆಯುತ್ತಾರೆ. ಕೆಲವೊಮ್ಮೆ ಆಪರೇಷನ್ ಟೇಬಲ್ ಮೇಲೆಯೇ ಎರಡೂ ಒಟ್ಟಿಗೆ ಆಗುತ್ತವೆ. ಕಣ್ಣಿಗೆ ಇಂಜೆಕ್ಷನ್ ಅಂದ ಕೂಡಲೇ ಮನೆಮಂದಿಯೆಲ್ಲ ಬೆಚ್ಚಿ ಬೀಳುತ್ತಾರೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕೂದಲೆಳೆಯಂಥ ಸೂಜಿಯಲ್ಲಿ ಕೊಡುವುದು. ಸೂಜಿ ಒಳಗೆ ಹೋಗಿ ಬರುವುದು ಕೆಲವೇ ಸೆಕೆಂಡಿನ ಕೆಲಸ. ಆದರೆ ಒಂದಕ್ಕೇ ಮುಗಿಯುವುದು ಕಡಿಮೆ, ತಿಂಗಳಿಗೊಂದರಂತೆ ಕೆಲವು ಬೇಕಾಗಬಹುದು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನೀರು ಇಲ್ಲದೆ ಪರದೆಯ ಮೇಲೆ ಶುಗರ್‌ನ ಗುರುತುಗಳಷ್ಟೇ ಇದ್ದರೆ ಆಪರೇಷನ್ ಮುಂದೂಡುವ ಅಗತ್ಯ ಇರುವುದಿಲ್ಲ. ಉರಿಯೂತ ತಡೆಯುವ ಡ್ರಾಪ್ಸ್ ಸ್ವಲ್ಪ ಜಾಸ್ತಿ ದಿನ ಹಾಕಿಸಿ, 4ರಿಂದ 6 ವಾರಕ್ಕೆ ಮತ್ತೊಂದು ಓಸಿಟಿ ನೋಡುತ್ತೇವೆ.

ಇಲ್ಲೇ ಒಂದು ಮಾತು. ಆಪರೇಷನ್‌ಗೆ ಫಿಟ್ ಆಗಬೇಕು ಅಂತ ಅಮ್ಮನಿಗೆ ಒಂದು ವಾರ ಊಟ ಬಿಡಿಸಿ, ಮಾತ್ರೆ ಜಾಸ್ತಿ ಮಾಡಿ ಶುಗರ್ ಇಳಿಸಲು ಹೋಗಬೇಡಿ. ಬಹಳ ಕಾಲ ಏರಿಕೊಂಡೇ ಇದ್ದ ಶುಗರ್ ದಿಢೀರನೆ ಇಳಿದರೆ ಪರದೆಯ ತೊಂದರೆ ಕೆಲವರಲ್ಲಿ ಕೆಲವು ಕಾಲ ಹೆಚ್ಚುವುದುಂಟು. ನಿಧಾನವಾಗಿ, ಶುಗರ್ ಡಾಕ್ಟರು ಹೇಳಿದ ಹಾಗೆ ಇಳಿಸಿ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಕಣ್ಣಿನ ಡಾಕ್ಟರಿಗೆ ತೋರಿಸಿ. ಪಯೋಗ್ಲಿಟಾಜೋನ್ ಅಂಥ ಶುಗರ್ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಕೆಲವರಲ್ಲಿ ಮ್ಯಾಕುಲಾದಲ್ಲೂ. ನೀವೇ ನಿಲ್ಲಿಸಬೇಡಿ, ತೋರಿಸಿ ಅಷ್ಟೇ.

ಎಡಗಣ್ಣಿನ ಕಥೆ ಬೇರೆ. ಓಸಿಟಿ ಬೆಳಕಿನ ಯಂತ್ರ. ಧನುರ್ಮಾಸದ ಬೆಳಗ್ಗೆ ಚಾಮುಂಡಿ ಬೆಟ್ಟದಿಂದ ಮೈಸೂರು ನೋಡಿದ್ದೀರಾ? ಮಂಜು ತೆಳ್ಳಗಿದ್ದರೆ ಅರಮನೆ ಗೋಪುರ ಮಸುಕಾಗಿ ಕಾಣುತ್ತದೆ. ದಟ್ಟವಾಗಿದ್ದರೆ ಊರೇ ಇಲ್ಲ. ಬಲಗಣ್ಣಿನ ಪೊರೆ ತೆಳು ಮಂಜು, ಬೆಳಕು ಹೇಗೋ ನುಸುಳುತ್ತದೆ. ಎಡಗಣ್ಣಿನದು ಬಿಳಿ ಗೋಡೆ. ಅಲ್ಲಿ ಬೆಳಕು ಸೋತರೂ ಶಬ್ದ ಹೋಗುತ್ತದೆ. ಬಿ-ಸ್ಕ್ಯಾನ್ ಅಂದರೆ ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡೇ, ಕಣ್ಣಿಗೆ ತಕ್ಕ ಹಾಗೆ ಮಾಡಿದ್ದು. ಸಾಮಾನ್ಯವಾಗಿ 10 ಮೆಗಾಹರ್ಟ್ಜ್ ಶಬ್ದ ಬಳಸುತ್ತಾರೆ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣಗೆ ಜೆಲ್ಲಿ ಹಚ್ಚಿ ಪೆನ್ನಿನಂಥ ಸಾಧನ ಇಡುತ್ತಾರೆ. ಒಳಗೇ ಕಣ್ಣು ಮೇಲೆ ತಿರುಗಿಸಿ, ಕೆಳಗೆ ತಿರುಗಿಸಿ ಎನ್ನುತ್ತಾರೆ. ಪರದೆ ಗೋಡೆಗೆ ಅಂಟಿಕೊಂಡೇ ಇದೆಯಾ, ಒಳಗೆ ರಕ್ತ ಸೋರಿ ತುಂಬಿದೆಯಾ, ಗಡ್ಡೆ ಏನಾದರೂ ಇದೆಯಾ, ಇಷ್ಟು ಗೊತ್ತಾಗುತ್ತದೆ. ಪರದೆ ಪೂರ್ತಿ ಕಿತ್ತು ಬಂದಿದ್ದರೆ ಹಿಂದೆ ನರದ ಹತ್ತಿರ ಮಾತ್ರ ಹಿಡಿದುಕೊಂಡು ಕವಣೆಯ ಕವೆಯ ಹಾಗೆ ಎರಡು ಹೊಳೆಯುವ ಗೆರೆ ಕಾಣುತ್ತವೆ. ಅಂಥ ಕಣ್ಣಿಗೆ ಬರೀ ಪೊರೆ ತೆಗೆದು ಲೆನ್ಸ್ ಹಾಕಿದರೆ ಏನು ಪ್ರಯೋಜನ? ಆದರೆ ಮ್ಯಾಕುಲಾದ ನೀರು, ಸಣ್ಣ ತೂತು ಇದೆಲ್ಲ ಬಿ-ಸ್ಕ್ಯಾನ್ ಕೈಗೆ ಸಿಗುವ ವಿಷಯ ಅಲ್ಲ.

ದುಡ್ಡೇ ಇಲ್ಲದ ಒಂದು ಪರೀಕ್ಷೆಯೂ ಇದೆ. ಬಿಳಿ ಪೊರೆ ಇದ್ದರೆ ಇದು ಆಗಲೇಬೇಕು. ಕತ್ತಲೆ ರೂಮಿನಲ್ಲಿ ಬಲಗಣ್ಣು ಗಟ್ಟಿಯಾಗಿ ಮುಚ್ಚಿ, ಎಡಗಣ್ಣಿಗೆ ಮೇಲಿಂದ, ಕೆಳಗಿಂದ, ಎರಡೂ ಪಕ್ಕದಿಂದ ಟಾರ್ಚ್ ಬಿಡುತ್ತಾರೆ. "ಯಾವ ಕಡೆಯಿಂದ ಬೆಳಕು ಬಂತಮ್ಮಾ?" ನಾಲ್ಕೂ ಸರಿಯಾಗಿ ಹೇಳಿದರೆ ಒಳ್ಳೆಯ ಲಕ್ಷಣ. ಇನ್ನೊಂದು, ಟಾರ್ಚನ್ನು ಈ ಕಣ್ಣಿಂದ ಆ ಕಣ್ಣಿಗೆ ತೂಗಿ ಪಾಪೆ ಹೇಗೆ ಕುಗ್ಗುತ್ತದೆ ಎಂದು ನೋಡುವುದು. ಪೊರೆ ಎಷ್ಟೇ ಬಲಿತಿದ್ದರೂ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗಬೇಕು. ಕುಗ್ಗುವ ಬದಲು ಅರಳಿದರೆ ತೊಂದರೆ ಪೊರೆಯ ಹಿಂದೆ ಇದೆ, ಪರದೆಯಲ್ಲೋ ನರದಲ್ಲೋ. ಕೋಟಿ ರೂಪಾಯಿ ಯಂತ್ರಗಳ ನಡುವೆ ಕೂತು ಈ ಎರಡು ನಿಮಿಷ ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪಕ್ಕದ ಮನೆಯವರ ವಿಷಯ. ಅವರಿಗೆ ಸ್ಕ್ಯಾನ್ ಇಲ್ಲದೆ ಮಾಡಿದ್ದು ತಪ್ಪಲ್ಲ. ಶುಗರ್ ಇಲ್ಲ, ಪೊರೆ ಮಧ್ಯಮ, ಪಾಪೆ ಅಗಲಿಸಿ ನೋಡಿದರೆ ಪರದೆ ಡಾಕ್ಟರಿಗೆ ಸ್ಪಷ್ಟವಾಗಿ ಕಾಣುತ್ತಿದೆ ಅಂದುಕೊಳ್ಳಿ. ಅಂಥವರಿಗೆ ಓಸಿಟಿ ಕಡ್ಡಾಯ ಅಂತ ನಾನೂ ಹೇಳಲ್ಲ. ನಮ್ಮ ನಾಡಿನಲ್ಲಿ ಕ್ಯಾಂಪುಗಳಿಗೆ ದೊಡ್ಡ ಚರಿತ್ರೆಯೇ ಇದೆ. ಊರೂರು ತಿರುಗಿ ಸಾಮೂಹಿಕವಾಗಿ ಪೊರೆ ತೆಗೆದ ಡಾ. ಎಂ.ಸಿ. ಮೋದಿ ಅವರನ್ನು ಜನ 'ಕಣ್ಣು ಕೊಟ್ಟ ಅಣ್ಣ' ಎಂದು ಕರೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಕಾಲದ ಕ್ಯಾಂಪುಗಳಲ್ಲಿ ಒಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ, ಸೋಡಾ ಬುಡ್ಡಿ ಕನ್ನಡಕ ಕೊಡುತ್ತಿದ್ದರು. ಪೂರ್ತಿ ಕುರುಡಾದವರು ಮನೆಯೊಳಗೆ ಕೈಹಿಡಿಯುವವರಿಲ್ಲದೆ ಓಡಾಡಿದರೆ ಅದೇ ಹಬ್ಬ. ಇವತ್ತು ಜನ ಕೇಳುವುದು ಅಷ್ಟಲ್ಲ ಅಲ್ವಾ? ಮೊಬೈಲ್ ನೋಡಬೇಕು, ರಾತ್ರಿ ಬೈಕ್ ಓಡಿಸಬೇಕು.

ನಾನು ಓಸಿಟಿ ಬೇಕೇ ಬೇಕು ಅನ್ನುವುದು ಶುಗರ್ ಇರುವವರಿಗೆ, ಮೈನಸ್ ಪವರ್ ತುಂಬಾ ಇರುವವರಿಗೆ, ಮೊದಲೇ ಕಣ್ಣಿನ ಬೇರೆ ಆಪರೇಷನ್ ಆದವರಿಗೆ, ಮತ್ತು ಪೊರೆ ಇರುವುದಕ್ಕಿಂತ ದೃಷ್ಟಿ ಜಾಸ್ತಿ ಕೆಟ್ಟಿರುವವರಿಗೆ. ಕೊನೆಯದು ಮುಖ್ಯ. ಪೊರೆ ನಾಲ್ಕಾಣೆ, ದೃಷ್ಟಿ ಹೋಗಿರುವುದು ಹನ್ನೆರಡಾಣೆ ಅಂದರೆ ಉಳಿದ ಎಂಟಾಣೆ ಎಲ್ಲಿ ಹೋಯಿತು ಎಂದು ಹುಡುಕಬೇಕಲ್ಲ. ಗೆರೆಗಳು ಸೊಟ್ಟಗೆ ಕಾಣುತ್ತವೆ, ಬಾಗಿಲ ಚೌಕಟ್ಟು ಬಗ್ಗಿದ ಹಾಗಿದೆ ಎಂದು ಯಾರಾದರೂ ಹೇಳಿದರೆ ಅದು ಬರೀ ಪೊರೆಯ ಮಾತಲ್ಲ, ಮ್ಯಾಕುಲಾದ ಮಾತು. ಇನ್ನು ನೀವು ಕೇಳಿದ ಕನ್ನಡಕ ಬೇಡದ ಲೆನ್ಸ್, ಅದನ್ನೇ ಮಲ್ಟಿಫೋಕಲ್ ಎನ್ನುವುದು. ಅದು ಬಂದ ಬೆಳಕನ್ನು ದೂರಕ್ಕೆ, ಹತ್ತಿರಕ್ಕೆ ಎಂದು ಹಂಚುತ್ತದೆ. ಚೆನ್ನಾಗಿರುವ ಮ್ಯಾಕುಲಾ ಅದನ್ನು ತಾಳಿಕೊಳ್ಳುತ್ತದೆ, ಕೆಟ್ಟದ್ದು ತಾಳುವುದಿಲ್ಲ. ನಿಮ್ಮ ಅಮ್ಮನಿಗೆ ಅದು ಬೇಡ. ಒಂದೇ ದೂರಕ್ಕೆ ಹೊಂದಿಸಿದ ಸಾದಾ ಮೋನೋಫೋಕಲ್ ಲೆನ್ಸ್ ಹಾಕಿಸಿ, ಓದಲು ಕನ್ನಡಕ ಕೊಡಿಸಿ.

ಓಸಿಟಿ ಕಾಗದವನ್ನೇ ದೇವರು ಅಂದುಕೊಳ್ಳಬೇಡಿ. ಮೇಲೆ ಸಿಗ್ನಲ್ ಎಷ್ಟು, ಅಂದರೆ ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಅಂತ ಬರೆದಿರುತ್ತದೆ. ಅನೇಕ ಯಂತ್ರಗಳಲ್ಲಿ 10ಕ್ಕೆ 6ಕ್ಕಿಂತ ಕಡಿಮೆ ಇದ್ದರೆ ಲೆಕ್ಕ ನಂಬುವಂತಿಲ್ಲ. ಪೊರೆ ಅಡ್ಡ ಬಂದಾಗ ಯಂತ್ರ ಪದರದ ಗೆರೆಯನ್ನು ತಪ್ಪಾಗಿ ಎಳೆದು, ಇಲ್ಲದ ಊತ ತೋರಿಸುತ್ತದೆ, ಇರುವ ಊತ ಮರೆಸುತ್ತದೆ. ಹಸಿರು, ಹಳದಿ, ಕೆಂಪು ಬಣ್ಣ ನೋಡಿ ಮನೆಯಲ್ಲಿ ಗಾಬರಿ ಆಗಬೇಡಿ. ಚಿತ್ರ ನೋಡಿ ಓದುವುದು ಡಾಕ್ಟರ ಕೆಲಸ. ಓಡಿ ಅಂದರೆ ಬಲಗಣ್ಣು, ಓಎಸ್ ಅಂದರೆ ಎಡಗಣ್ಣು, ಅದನ್ನು ಮಾತ್ರ ನೀವೂ ಒಮ್ಮೆ ನೋಡಿಕೊಳ್ಳಿ. ದಪ್ಪದ ಲೆಕ್ಕ ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಬೇರೆ. ಹಾಗಾಗಿ ಮುಂದಿನ ಸಲವೂ ಅದೇ ಜಾಗದಲ್ಲಿ ಮಾಡಿಸಿದರೆ ಹೋಲಿಸಲು ಸುಲಭ.

ಮತ್ತೆ, ಮ್ಯಾಕುಲಾಗೆಂದು ಮಾಡುವ ಓಸಿಟಿ ಸಾಮಾನ್ಯವಾಗಿ ನಡುವಿನ 6 ಮಿಲಿಮೀಟರ್ ಚೌಕವನ್ನು ನೋಡುತ್ತದೆ. ಪರದೆಯ ಅಂಚಿನಲ್ಲಿ ಹರಿದಿದ್ದರೆ ಅದಕ್ಕೆ ಗೊತ್ತೇ ಆಗಲ್ಲ. ಡ್ರಾಪ್ಸ್ ಹಾಕಿ, ತಲೆಗೆ ಲೈಟು ಕಟ್ಟಿಕೊಂಡು ಡಾಕ್ಟರು ಸುತ್ತ ನೋಡುತ್ತಾರಲ್ಲ, ಆ ಪರೀಕ್ಷೆಗೆ ಬದಲಿ ಇಲ್ಲ. ಓಸಿಟಿ ನಾರ್ಮಲ್ ಬಂತು, ಇನ್ನು ಡ್ರಾಪ್ಸ್ ಯಾಕೆ ಅಂತ ಜಗಳ ಆಡಬೇಡಿ.

ಹೋಗುವ ದಿನ ಅಮ್ಮ ತಿಂಡಿ ತಿಂದು, ಮಾತ್ರೆ ನುಂಗಿಯೇ ಬರಲಿ. ಈ ಎರಡು ಸ್ಕ್ಯಾನ್‌ಗೂ ಖಾಲಿ ಹೊಟ್ಟೆ ಬೇಡ. ಡ್ರಾಪ್ಸ್ ಹಾಕಿದರೆ ಪಾಪೆ ಅಗಲವಾಗಲು ಅರ್ಧ ಗಂಟೆ ಬೇಕು. ಆಮೇಲೆ ನಾಲ್ಕಾರು ಗಂಟೆ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕು. ಬೈಕಿನ ಹಿಂದೆ ಕೂರಿಸಿಕೊಂಡು ಬರಬೇಡಿ, ಬಸ್ಸೋ ರೈಲೋ ಹಿಡಿಯಿರಿ. ಕಪ್ಪು ಕನ್ನಡಕ ಅಥವಾ ಕೊಡೆ ಇರಲಿ. ಖರ್ಚು ಜಾಸ್ತಿ ಅನ್ನಿಸಿದರೆ ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗಗಳಲ್ಲಿ ಒಮ್ಮೆ ವಿಚಾರಿಸಿ. ಬೇರೆ ಕಡೆ ಮಾಡಿಸಿದ ಸ್ಕ್ಯಾನ್ ಒಪ್ಪುತ್ತೀರಾ ಎಂದು ನಿಮ್ಮ ಡಾಕ್ಟರನ್ನೂ ಮೊದಲೇ ಕೇಳಿಕೊಳ್ಳಿ.

ಆಪರೇಷನ್ ಆದ ಮೇಲೆ ಮಾಡಿಸಿದರೆ ಆಗದೇ ಎಂದಿರಿ. ಬಲಗಣ್ಣಿಗೆ ಆಗದು, ಕಾರಣ ಮೇಲೆಯೇ ಹೇಳಿದೆ. ಎಡಗಣ್ಣಿಗೆ ಮಾತ್ರ ನಿಮ್ಮ ಮಾತು ಅರ್ಧ ಸರಿ. ಅಲ್ಲಿ ಓಸಿಟಿ ಈಗ ಮಾಡಿದರೂ ಬರೀ ಮಸಿ ಬರುತ್ತದೆ. ಬಿ-ಸ್ಕ್ಯಾನ್‌ನಲ್ಲಿ ಪರದೆ ಅಂಟಿಕೊಂಡಿದೆ ಎಂದು ಬಂದರೆ ಮೊದಲು ಪೊರೆ ತೆಗೆಸಿ. ಆಮೇಲೆ ಒಂದೆರಡು ವಾರದೊಳಗೆ ಆ ಕಣ್ಣಿಗೂ ಓಸಿಟಿ ಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಡಗಣ್ಣಿಗೆ ಎಷ್ಟು ದೃಷ್ಟಿ ಬರುತ್ತದೆ ಎಂದು ಅಮ್ಮ ಕೇಳಿದರೆ, ಆ ಚಿತ್ರ ಬರುವವರೆಗೆ ಯಾರೂ ಮಾತು ಕೊಡಬೇಡಿ, ನೀವೂ, ನಿಮ್ಮ ಡಾಕ್ಟರೂ.